ಬಾಡಿಗೆದಾರರ ಮನಸ್ಸಿನ ಪರೀಕ್ಷೆ: ಕೋರ್ಟಿಗೆ ಒಂದು ಸಾಲಿನ ಚೀಟಿ ಸಾಲದು

ಮಾನ್ಯ ಸಂಪಾದಕರೇ,

ಬಾಡಿಗೆ ಮನೆ ಖಾಲಿ ಮಾಡಿಸುವ ದಾವೆಗಳಲ್ಲಿ ಪ್ರತಿವಾದಿಯ ಕಡೆಯಿಂದ ಕೆಲವೊಮ್ಮೆ ಒಂದು ಚೀಟಿ ಕೋರ್ಟಿಗೆ ಬರುತ್ತದೆ: ‘ಇವರು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾರೆ.’ ಕೆಳಗೊಂದು ಸಹಿ, ಒಂದು ಸೀಲು. ಅಷ್ಟನ್ನು ನೋಡಿ ಮನೆ ಓನರ್ ಪರ ವಕೀಲರು ‘ಇದು ವಾಯಿದೆ ತಳ್ಳುವ ಉಪಾಯ’ ಎನ್ನುತ್ತಾರೆ. ಬಾಡಿಗೆದಾರರ ವಕೀಲರು ‘ಇವರ ಮೇಲೆ ದಾವೆಯೇ ನಡೆಯಕೂಡದು’ ಎಂದು ಪಟ್ಟು ಹಿಡಿಯುತ್ತಾರೆ. ಎರಡು ವಾದಗಳೂ ಆ ಚೀಟಿಯಿಂದ ಹುಟ್ಟುವಂಥವಲ್ಲ. ನ್ಯಾಯಾಧೀಶರು ತಿಳಿಯಬೇಕಾದ ವಿಷಯ ಅದರಲ್ಲಿ ಇರುವುದೇ ಇಲ್ಲ.

ಕಾಯಿಲೆ ಇದೆಯೇ ಎಂಬುದು ಕೋರ್ಟಿನ ಪ್ರಶ್ನೆಯಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 32, ರೂಲ್ 15 ಕೇಳುವುದು ಇಷ್ಟು: ಮನಸ್ಸಿನ ದೌರ್ಬಲ್ಯದಿಂದಾಗಿ ಈ ವ್ಯಕ್ತಿ ಈ ದಾವೆಯಲ್ಲಿ ತಮ್ಮ ಹಿತವನ್ನು ತಾವೇ ಕಾಪಾಡಿಕೊಳ್ಳಲಾರದ ಸ್ಥಿತಿಯಲ್ಲಿದ್ದಾರೆಯೇ? ಅದಕ್ಕಾಗಿ ಮೊದಲೇ ಬೇರೊಂದು ಕೋರ್ಟು ಅವರನ್ನು ಅಸ್ವಸ್ಥಚಿತ್ತರೆಂದು ಘೋಷಿಸಿರಬೇಕಾಗಿಲ್ಲ. ದಾವೆ ನಡೆಸುತ್ತಿರುವ ನ್ಯಾಯಾಧೀಶರೇ ವಿಚಾರಿಸಿ ಹಾಗೆಂದು ಕಂಡುಕೊಂಡರೆ ಸಾಕು. ಇನ್ನೊಂದು ಕಡೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆ ಇದೆ ಎಂದಾದ ಮಾತ್ರಕ್ಕೆ ಆ ವ್ಯಕ್ತಿ ಅಸ್ವಸ್ಥಚಿತ್ತ ಎಂದು ತಿಳಿಯುವಂತಿಲ್ಲ. ಸ್ಕಿಜೋಫ್ರೇನಿಯಾಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಾ, ಬಾಡಿಗೆ ರಸೀದಿಗಳನ್ನು ತಿಂಗಳುವಾರು ಪಿನ್ ಹಾಕಿ ಇಟ್ಟುಕೊಂಡವರು ದಾವೆ ನಡೆಸಬಲ್ಲರು. ಮನೋರೋಗದ ಯಾವ ಹೆಸರೂ ಅಂಟದ, ಆದರೆ ಸಣ್ಣಸಣ್ಣ ಪಾರ್ಶ್ವವಾಯುವಾಗಿ ಬೆಳಗಿನ ಮಾತು ಸಂಜೆಗೆ ನೆನಪಿರದ ವೃದ್ಧರು ನಡೆಸಲಾರರು.

ಇದು ಬಾಡಿಗೆದಾರರ ಚಿಂತೆ ಮಾತ್ರ ಎಂದು ಮನೆ ಓನರುಗಳು ಭಾವಿಸಬಾರದು. ಅಂಥ ಪ್ರತಿವಾದಿಯ ಪರವಾಗಿ ದಾವೆ ನೋಡಿಕೊಳ್ಳುವ ಗಾರ್ಡಿಯನ್ ನೇಮಿಸದೆ ಪಡೆದ ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಶೂನ್ಯ ಎಂದು ರಾಮಚಂದ್ರ ಆರ್ಯ ವಿರುದ್ಧ ಮಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 1968ರ ಎ.ಐ.ಆರ್. ಎಂಬ ತೀರ್ಪು ವರದಿಗಳ ಸಂಪುಟದಲ್ಲಿ ಆ ತೀರ್ಪು ವರದಿಯಾಗಿದೆ. ಮೂರು ವರ್ಷ ಓಡಾಡಿ ಗೆದ್ದ ದಾವೆ ಅಮಲ್ಜಾರಿಯ, ಅಂದರೆ ಡಿಕ್ರಿ ಜಾರಿಗೊಳಿಸುವ, ಹಂತದಲ್ಲಿ ಬಿದ್ದುಹೋಗುವುದು ಹೀಗೆ. ಪ್ರತಿವಾದಿಯ ಸ್ಥಿತಿ ಗೊತ್ತಿದ್ದ ವಾದಿ ತಾನಾಗಿಯೇ ಅದನ್ನು ಕೋರ್ಟಿನ ಗಮನಕ್ಕೆ ತರುವುದು ಅವನ ಹಿತಕ್ಕೂ ಒಳ್ಳೆಯದು.

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲು, ವಿರಾಜಪೇಟೆಯ ಬಾಡಿಗೆ ಮನೆಗಳಲ್ಲಿ ಒಂಟಿಯಾಗಿ ಬದುಕುವ ಹಿರಿಯರಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ಇರುತ್ತಾರೆ. ತೀವ್ರ ಖಿನ್ನತೆಯಲ್ಲಿರುವವರು ಅಂಚೆಯ ಲಕೋಟೆ ಒಡೆಯುವುದಿಲ್ಲ. ಬಾಗಿಲ ಸಂದಿಯಿಂದ ಒಳಬಿದ್ದ ಲಾಯರ್ ನೋಟಿಸು, ಸಮನ್ಸು, ಕರೆಂಟ್ ಬಿಲ್ಲು ಎಲ್ಲ ಒಂದೇ ರಾಶಿಯಲ್ಲಿ, ಮಳೆಗಾಲದ ಥಂಡಿಗೆ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಸಮನ್ಸ್ ಜಾರಿಯಾದ 30 ದಿನದೊಳಗೆ, ಕೋರ್ಟು ಸಮಯ ವಿಸ್ತರಿಸಿದರೆ 90 ದಿನದೊಳಗೆ, ಪ್ರತಿವಾದಿ ಲಿಖಿತ ಹೇಳಿಕೆ ಕೊಡಬೇಕು. ಹಾಜರಾಗದಿದ್ದರೆ ಎಕ್ಸ್‌ಪಾರ್ಟಿ, ಅಂದರೆ ಅವರ ಗೈರಿನಲ್ಲೇ ತೀರ್ಮಾನ. ಆ ಡಿಕ್ರಿ ರದ್ದು ಕೋರಲು ಇರುವ ಕಾಲಾವಕಾಶ 30 ದಿನ. ಅದೂ ದಾಟಿದ ಮೇಲೆ ಬಾಗಿಲು ತಟ್ಟುವುದು ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರೇ. ಆದ್ದರಿಂದ ಮನಸ್ಸಿನ ಸ್ಥಿತಿಯ ಪ್ರಶ್ನೆಯನ್ನು ಮೊದಲ ಇಲ್ಲವೆ ಎರಡನೇ ವಾಯಿದೆಯಲ್ಲೇ ಎತ್ತಬೇಕು. ಸಾಕ್ಷಿ ಮುಗಿದು ವಾದಕ್ಕೆ ನಿಂತಾಗ ಎತ್ತಿದರೆ ನಿಜವಾದ ಕಾಯಿಲೆಯೂ ನೆಪದಂತೆ ಕಾಣುತ್ತದೆ.

ಎತ್ತುವ ಕ್ರಮ ಸರಳವೇ. ಹತ್ತಿರದವರೊಬ್ಬರ ಅಫಿಡವಿಟ್ ಜೊತೆ ಒಂದು ಮಧ್ಯಂತರ ಅರ್ಜಿ ಸಲ್ಲಿಸಬೇಕು. ಅಫಿಡವಿಟ್‌ನಲ್ಲಿ ‘ಹುಚ್ಚು’, ‘ತಲೆ ಸರಿಯಿಲ್ಲ’ ಎಂಬ ಮಾತು ಬೇಡ. ಕಂಡದ್ದನ್ನು ತಾರೀಖು ಸಮೇತ ಬರೆಯಲಿ: ಯಾವ ತಿಂಗಳಿಂದ ಬಾಡಿಗೆ ಕಟ್ಟುವುದು ನಿಂತಿತು, ಅದಕ್ಕೆ ಮುಂಚೆ ಎಷ್ಟು ವರ್ಷ ತಪ್ಪದೆ ಕಟ್ಟಿದ್ದರು, ಗ್ಯಾಸ್ ಒಲೆ ಉರಿಯುತ್ತ ಬಿಟ್ಟದ್ದು ಎಷ್ಟು ಬಾರಿ, ದಾರಿ ತಪ್ಪಿದ್ದು ಎಲ್ಲಿ. ಆಸ್ಪತ್ರೆಯ ಹೊರರೋಗಿ ಚೀಟಿ, ಡಿಸ್ಚಾರ್ಜ್ ಸಾರಾಂಶ, ಔಷಧಿ ಅಂಗಡಿಯ ಬಿಲ್ಲು ಸೇರಿಸಬೇಕು. ಕೊಡಗಿನಲ್ಲಿ ಮಾಜಿ ಸೈನಿಕರ ಕುಟುಂಬಗಳು ಹೆಚ್ಚು, ಅವರ ಇ.ಸಿ.ಎಚ್.ಎಸ್. (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ ದಾಖಲೆಗಳಲ್ಲಿ ವರ್ಷಗಳ ಚರಿತ್ರೆ ಸಿಗುತ್ತದೆ, ಯಾರೂ ಅದನ್ನು ತರುವುದಿಲ್ಲ. ತಮ್ಮ ವೈದ್ಯಕೀಯ ದಾಖಲೆ ಕೇಳಿ ಪಡೆಯುವ ಹಕ್ಕು 2017ರ ಕಾಯ್ದೆಯ 25ನೇ ಸೆಕ್ಷನ್‌ನಲ್ಲೇ ಇದೆ.

ವೈದ್ಯರಿಗೆ ಕಳಿಸುವಾಗ ಕೋರ್ಟಿನ ಪತ್ರದಲ್ಲಿ ‘ಮಾನಸಿಕ ಸ್ಥಿತಿ ಪರೀಕ್ಷಿಸಿ ವರದಿ ಕೊಡಿ’ ಎಂದಷ್ಟೇ ಇದ್ದರೆ ಬರುವ ಉತ್ತರವೂ ಅಷ್ಟೇ ಮೊಟಕು. ಪ್ರಶ್ನೆಗಳನ್ನು ಬಿಡಿಸಿ ಬರೆಯಬೇಕು. ದಾವೆ ಏನೆಂದು ಇವರಿಗೆ ಅರ್ಥವಾಗುತ್ತದೆಯೇ? ವಕೀಲರಿಗೆ ತಮ್ಮ ಕಡೆಯ ವಿಷಯ ಹೇಳಬಲ್ಲರೇ? ವಕೀಲರ ಸಲಹೆಯನ್ನು ನಿರ್ಧಾರ ಮಾಡುವಷ್ಟು ಹೊತ್ತು ನೆನಪಿಟ್ಟುಕೊಂಡು ತೂಗಿ ನೋಡಬಲ್ಲರೇ? ಸಾಕ್ಷಿ ಕಟಕಟೆಯಲ್ಲಿ ಪಾಟಿ ಸವಾಲು ತಾಳಿಕೊಳ್ಳಬಲ್ಲರೇ? ಈ ಸ್ಥಿತಿ ಚಿಕಿತ್ಸೆಯಿಂದ ಸುಧಾರಿಸುವಂಥದೇ, ಎಷ್ಟು ವಾರದಲ್ಲಿ? ದಾವೆಯ ಪ್ರತಿ, ಕರಾರು ಪತ್ರ, ಹಳೆಯ ಚಿಕಿತ್ಸೆಯ ದಾಖಲೆಗಳು ಪತ್ರದ ಜೊತೆಗೇ ಹೋಗಬೇಕು. ದಾವೆಯ ಪ್ರತಿಯೇ ಇಲ್ಲದೆ, ದಾವೆ ಅರ್ಥವಾಗಿದೆಯೇ ಎಂದು ವೈದ್ಯರು ಪರೀಕ್ಷಿಸುವುದು ಹೇಗೆ?

ಪರೀಕ್ಷೆ ಶುರುವಾಗುವ ಮೊದಲು ವೈದ್ಯರು ಹೇಳಲೇಬೇಕಾದ ಮಾತೊಂದಿದೆ: ‘ನಾನು ಈಗ ನಿಮಗೆ ಔಷಧಿ ಕೊಡಲು ಕೂತಿಲ್ಲ. ನೀವು ಹೇಳಿದ್ದನ್ನು ಕೋರ್ಟಿಗೆ ಬರೆಯುತ್ತೇನೆ. ಹೇಳಲು ಇಷ್ಟವಿಲ್ಲದ್ದನ್ನು ಹೇಳಬೇಕಾಗಿಲ್ಲ.’ ವರ್ಷಗಳಿಂದ ಚಿಕಿತ್ಸೆ ಕೊಡುತ್ತಿರುವ ವೈದ್ಯರೇ ಕೋರ್ಟಿನ ಪರೀಕ್ಷಕರೂ ಆದರೆ ಈ ಗೆರೆ ಅಳಿಸಿಹೋಗುತ್ತದೆ. ನಂಬಿ ಹೇಳಿದ್ದೆಲ್ಲ ವರದಿಯಾಗುತ್ತದೆ, ಆಮೇಲೆ ಅವರು ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ. ಚಿಕಿತ್ಸೆ ಕೊಟ್ಟವರು ದಾಖಲೆ ಕೊಡಲಿ, ಪರೀಕ್ಷೆ ಇನ್ನೊಬ್ಬರು ಮಾಡಲಿ.

ಮನಸ್ಸಿನ ಸ್ಥಿತಿಯ ಪರೀಕ್ಷೆ ಎಂದರೆ ಉಡುಗೆ, ನಡವಳಿಕೆ, ಮಾತಿನ ಓಟ, ಮನೋಭಾವ, ಯೋಚನೆಯ ಸರಣಿ, ಭ್ರಮೆ, ಇಲ್ಲದ ದನಿ ಕೇಳುವುದು, ಸ್ಥಳಕಾಲದ ಅರಿವು, ಗಮನ, ನೆನಪು, ತನ್ನ ಕಾಯಿಲೆಯ ಅರಿವು, ವಿವೇಕ ಇವನ್ನೆಲ್ಲ ಒಂದೊಂದಾಗಿ ನೋಡುವುದು. ಇಷ್ಟನ್ನು ಪ್ರತಿ ಮನೋವೈದ್ಯರೂ ದಿನಾ ಮಾಡುತ್ತಾರೆ. ಕೋರ್ಟಿಗೆ ಬೇಕಾದ ಭಾಗ ಇದರ ನಂತರ ಬರುತ್ತದೆ. ಸಮನ್ಸನ್ನು ಅವರ ಕೈಗೇ ಕೊಡಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ‘ಇದು ಯಾರು ಕಳಿಸಿದ್ದು? ಓನರಿಗೆ ಏನು ಬೇಕಂತೆ? ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ? ಎಷ್ಟು ತಿಂಗಳು ಬಾಕಿ? ಆ ದಿನ ನೀವು ಹೋಗದಿದ್ದರೆ ಏನಾಗುತ್ತದೆ?’ ಎಂದು ಕೇಳಬೇಕು. ‘ಮನೆ ಬಿಡಿ ಅಂತಾರೆ. ಹೋಗದಿದ್ರೆ ಜಡ್ಜು ಅವರ ಮಾತು ಕೇಳ್ತಾರೆ, ಆಮೇಲೆ ಅಮೀನರು ಬರ್ತಾರೆ’ ಎಂಬ ಉತ್ತರ ಬಂದರೆ, ಪ್ರಧಾನಿಯ ಹೆಸರು ಮರೆತಿದ್ದರೂ ಅವರಿಗೆ ವಿಷಯ ಅರ್ಥವಾಗಿದೆ ಎಂದೇ ಲೆಕ್ಕ. ‘ಓನರು ಒಳ್ಳೆಯವರು, ಊಟಕ್ಕೆ ಕರೆದಿದ್ದಾರೆ’ ಎಂದು ಮೂರು ಸಲವೂ ಅದೇ ಕಾಗದ ಹಿಡಿದು ನಗುತ್ತಾ ಹೇಳಿದರೆ, ಉಳಿದೆಲ್ಲ ಮಾತು ಎಷ್ಟೇ ಅಚ್ಚುಕಟ್ಟಾಗಿರಲಿ, ಅರ್ಥವಾಗಿಲ್ಲ. ಸಭ್ಯವಾಗಿ ಮಾತಾಡುವ ಮರೆವು ರೋಗಿಗಳು ಹತ್ತು ನಿಮಿಷದ ಭೇಟಿಯಲ್ಲಿ ಎಲ್ಲರನ್ನೂ ದಾರಿ ತಪ್ಪಿಸುತ್ತಾರೆ. ಅರ್ಧ ಗಂಟೆ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳುವುದು ಅದಕ್ಕೇ. ಬೇರೆ ಬೇರೆ ದಿನ ಎರಡು ಸಲ, ಒಟ್ಟು ಒಂದೂವರೆ ಗಂಟೆಯಾದರೂ ಕೂರದೆ ಅಭಿಪ್ರಾಯ ಬರೆಯಬಾರದು.

ಭಾಷೆಯ ವಿಚಾರವನ್ನು ನಮ್ಮ ಜಿಲ್ಲೆಯಲ್ಲಿ ಹಗುರವಾಗಿ ಕಾಣುವಂತಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳ, ಯರವ ಮಾತಾಡುವವರಿಗೆ ಕಚೇರಿ ಕನ್ನಡದಲ್ಲಿ ಪ್ರಶ್ನೆ ಹಾಕಿದರೆ ಉತ್ತರ ತಡವಾಗುತ್ತದೆ, ತಡವಾದ ಉತ್ತರ ‘ಮಂದ’ ಎಂದು ದಾಖಲಾಗುತ್ತದೆ. ದುಭಾಷಿ ಬೇಕು, ಆದರೆ ಮನೆ ಓನರು ಕರೆತಂದ ನೆಂಟನಾಗಲಿ, ಬಾಡಿಗೆದಾರರ ಸ್ವಂತ ಮಗನಾಗಲಿ ದುಭಾಷಿಯಾಗಕೂಡದು. ಸ್ಥಳಕಾಲದ ಅರಿವು ಪರೀಕ್ಷಿಸಲು ಇಂಗ್ಲಿಷ್ ತಿಂಗಳು ತಾರೀಖು ಒಂದೇ ದಾರಿಯಲ್ಲ. ಸುಗ್ಗಿ ಹಬ್ಬ ಪುತ್ತರಿ ಆಯಿತೋ ಬರಬೇಕೋ, ಕಾವೇರಿ ಸಂಕ್ರಮಣ ಕಳೆದು ಎಷ್ಟು ದಿನವಾಯಿತು, ತೋಟದಲ್ಲಿ ಈಗ ಕೊಯ್ಯುತ್ತಿರುವುದು ಅರೇಬಿಕವೋ ರೋಬಸ್ಟವೋ ಎಂದು ಕೇಳಿದರೆ ಹಳ್ಳಿಯ ಅಜ್ಜಿಯೂ ಕಾಲವನ್ನು ಹಿಡಿದು ಹೇಳುತ್ತಾರೆ. ಕಿವಿ ಯಂತ್ರ, ಕನ್ನಡಕ ಹಾಕಿಕೊಂಡಿದ್ದಾರೆಯೇ ಎಂದು ಮೊದಲು ನೋಡಿ. ಕಿವಿ ಕೇಳದ್ದನ್ನು ಬುದ್ಧಿ ಕಡಿಮೆ ಎಂದು ಬರೆದ ವರದಿ ಅನ್ಯಾಯದ ವರದಿ.

ಅಂಕಗಳ ಮೋಹದ ಬಗ್ಗೆಯೂ ಎಚ್ಚರ ಬೇಕು. ನೆನಪು, ಗಮನ ಅಳೆಯುವ ಎಂ.ಎಂ.ಎಸ್.ಇ. ಎಂಬ 30 ಅಂಕದ ಪರೀಕ್ಷೆಯಲ್ಲಿ ಓದುವುದಕ್ಕೆ 1, ವಾಕ್ಯ ಬರೆಯುವುದಕ್ಕೆ 1, ಚಿತ್ರ ನಕಲು ಮಾಡುವುದಕ್ಕೆ 1, ನೂರರಿಂದ ಏಳೇಳು ಕಳೆಯುತ್ತ ಹೋಗುವುದಕ್ಕೆ 5 ಅಂಕ. ಶಾಲೆ ಕಾಣದವರು ಇಲ್ಲೇ 8 ಅಂಕ ಕಳೆದುಕೊಳ್ಳಬಹುದು. ಉಳಿದ 22 ಪೂರ್ತಿ ಬಂದರೂ, ‘24ಕ್ಕಿಂತ ಕಡಿಮೆ’ ಎಂಬ ರೂಢಿಯ ಗೆರೆಯ ಕೆಳಗೆ ಬೀಳುತ್ತಾರೆ. ಹಾಗೆಯೇ ಯು.ಡಿ.ಐ.ಡಿ. ಎಂಬ ಅಂಗವೈಕಲ್ಯದ ಗುರುತಿನ ಕಾರ್ಡಿನಲ್ಲಿ ಶೇಕಡ 40ಕ್ಕಿಂತ ಹೆಚ್ಚು ಎಂದಿದ್ದರೆ ಅದನ್ನೇ ತಂದು ಕೋರ್ಟಿಗೆ ಕೊಡುತ್ತಾರೆ. ಆ ಲೆಕ್ಕ ಹಾಕುವ ಐಡಿಯಾಸ್ ಮಾಪಕ ಅಳೆಯುವುದು ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ, ದುಡಿಮೆ ಇವನ್ನು. ಪಿಂಚಣಿ, ಸವಲತ್ತಿಗೆ ಅದು ಸರಿ. ದಾವೆ ನಡೆಸುವ ಶಕ್ತಿ ಅದರಲ್ಲಿ ಅಳತೆಯಾಗುವುದಿಲ್ಲ.

ಯಾವಾಗ ಪರೀಕ್ಷಿಸಿದರು ಎಂಬುದರ ಮೇಲೆ ವರದಿಯ ಅರ್ಧ ಬೆಲೆ ನಿಂತಿದೆ. ಕುಡಿತ ಹಠಾತ್ತಾಗಿ ನಿಲ್ಲಿಸಿದವರಿಗೆ ಎರಡು ಮೂರನೇ ದಿನ ಕೈ ನಡುಗಿ, ಗೋಡೆಯ ಮೇಲೆ ಹುಳ ಹರಿದಂತೆ ಕಂಡು, ಎಲ್ಲಿದ್ದೇವೆಂದು ತಿಳಿಯದ ಸ್ಥಿತಿ ಬರಬಹುದು. ಅದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಆ ದಿನದ ಪರೀಕ್ಷೆಯಿಂದ ‘ಶಾಶ್ವತ ಬುದ್ಧಿಭ್ರಮಣೆ’ ಎಂದು ಬರೆಯುವುದು ದೊಡ್ಡ ತಪ್ಪು. ಕುಡಿತ ಬಿಟ್ಟು ಎರಡು ವಾರವಾದರೂ ಕಳೆಯದೆ ನೆನಪಿನ ಪರೀಕ್ಷೆ ನಂಬುವಂತಿಲ್ಲ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ರಕ್ತದ ಸೋಡಿಯಂ ಇಳಿತ, ಸಕ್ಕರೆ ಇಳಿತ ಒಂದೇ ರಾತ್ರಿಯಲ್ಲಿ ಬಡಬಡಿಕೆ ತರುತ್ತವೆ. ಸರಿಪಡಿಸಿದರೆ ಕೆಲವು ದಿನಗಳಲ್ಲಿ ತಿಳಿಯಾಗಬಹುದು. ಥೈರಾಯ್ಡ್, ಬಿ12, ಸೋಡಿಯಂ, ಸಕ್ಕರೆ, ಮೂತ್ರ ಪರೀಕ್ಷೆ ಇಷ್ಟನ್ನಾದರೂ ಮಾಡಿಸದೆ ‘ಡಿಮೆನ್ಷಿಯಾ’ (ಮರೆವು ರೋಗ) ಎಂಬ ಪದ ಬರೆಯಬಾರದು. ಜಾರಿಬಿದ್ದ ಚರಿತ್ರೆ ಇದ್ದರೆ ತಲೆಯ ಸ್ಕ್ಯಾನ್ ಕೂಡ ಬೇಕು. ಖಿನ್ನತೆಯ ಮಾತ್ರೆ ಶುರುಮಾಡಿದವರಲ್ಲಿ ಬದಲಾವಣೆ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ. ಅಂಥವರ ವಿಷಯದಲ್ಲಿ ‘ಇಂದು ಶಕ್ತರಲ್ಲ, ಎಂಟು ವಾರದ ನಂತರ ಮತ್ತೆ ನೋಡಬೇಕು’ ಎಂಬುದೇ ಪ್ರಾಮಾಣಿಕ ಉತ್ತರ. ಕೋರ್ಟು ಆ ಎಂಟು ವಾರ ಕೊಡುವುದರಿಂದ ವಾದಿಗೂ ನಷ್ಟವಿಲ್ಲ. ಗುಣವಾದವರು ಬಾಕಿ ಕಟ್ಟಲೂಬಹುದು.

ಇನ್ನೊಂದು ಎಡವಟ್ಟು ತೀರಾ ಸೂಕ್ಷ್ಮದ್ದು. ‘ಓನರು ನನ್ನ ನೀರು ನಿಲ್ಲಿಸುತ್ತಾರೆ, ರಾತ್ರಿ ಬಾಗಿಲು ಬಡಿಸುತ್ತಾರೆ’ ಎಂದು ಬಾಡಿಗೆದಾರರು ಹೇಳಿದ ಕೂಡಲೇ ಅದನ್ನು ಸಂಶಯದ ಭ್ರಮೆ ಎಂದು ಬರೆಯುವುದು. ಮನೆಯನ್ನು ಹೋಂಸ್ಟೇ ಮಾಡಲು ಹೊರಟವರು ನಿಜವಾಗಿಯೂ ನಲ್ಲಿ ಬಂದ್ ಮಾಡಿರಬಹುದು. ಪಕ್ಕದ ಮನೆಯವರನ್ನು ವಿಚಾರಿಸಬೇಕು, ವೈದ್ಯರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರು ಹೋಗಿ ನಲ್ಲಿಯನ್ನೂ ನೋಡಿ ಬರಬೇಕು. ಮಾತು ನಿಜವಾದರೆ ಅದು ರೋಗಲಕ್ಷಣವಲ್ಲ, ದೂರು. ಕಾಯಿಲೆ ಇರುವವರಿಗೂ ಕಿರುಕುಳ ಆಗುತ್ತದೆ ಎಂಬುದನ್ನು ಯಾರೂ ಮರೆಯಬಾರದು. ಕೋರ್ಟಿನ ಆದೇಶವಿಲ್ಲದೆ ಸಾಮಾನು ಹೊರಗೆ ಹಾಕಿಸಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು.

‘ಮನೆ ಬಿಟ್ಟುಕೊಡಲು ಒಪ್ಪಿದ್ದೇನೆ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೆ ಪ್ರಶ್ನೆ ಬೇರೆ: ಆ ದಿನ ಅವರ ಮನಸ್ಸು ಹೇಗಿತ್ತು? ಕರಾರು ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಸಹಿ ಮಾಡುವ ಹೊತ್ತಿನಲ್ಲಿ ಅದನ್ನು ಅರ್ಥಮಾಡಿಕೊಂಡು ತನ್ನ ಹಿತಕ್ಕೆ ಏನಾಗುತ್ತದೆಂದು ವಿವೇಚಿಸಬಲ್ಲವರಾಗಿರಬೇಕು. ಇವತ್ತಿನ ಪರೀಕ್ಷೆ ಅದಕ್ಕೆ ಉತ್ತರವಾಗದು. ಆ ವಾರದ ಆಸ್ಪತ್ರೆ ದಾಖಲೆ, ಔಷಧಿ ಬಿಲ್ಲು, ಬ್ಯಾಂಕಿನ ವ್ಯವಹಾರ ಇವನ್ನಿಟ್ಟುಕೊಂಡು ಮಾತ್ರ ವೈದ್ಯರು ಏನಾದರೂ ಹೇಳಬಲ್ಲರು.

ವರದಿ ಮೂರು ನಾಲ್ಕು ಪುಟವಾದರೂ ಇರಲಿ. ಗುರುತಿನ ಚಿಹ್ನೆ, ಫೋಟೋ, ಎರಡು ಭೇಟಿಗಳ ತಾರೀಖು, ಗಂಟೆ, ಭಾಷೆ, ಜೊತೆಗಿದ್ದವರು, ಆ ದಿನ ನುಂಗಿದ್ದ ಮಾತ್ರೆಗಳು, ನೋಡಿದ ದಾಖಲೆಗಳು ಎಲ್ಲ ಬರಲಿ. ಅವರು ಆಡಿದ ಮಾತನ್ನು ಅವರದೇ ಭಾಷೆಯಲ್ಲಿ ಉದ್ಧರಿಸಿ, ಅದರ ಮೇಲೆ ನಿರ್ಣಯ ಕಟ್ಟಬೇಕು. ತಜ್ಞರ ಅಭಿಪ್ರಾಯ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ಅಡಿ ಬರುವ ಒಂದು ಸಾಕ್ಷ್ಯವಷ್ಟೆ, ತೀರ್ಮಾನ ನ್ಯಾಯಾಧೀಶರದು. ಅವರೂ ತಮ್ಮ ಕೊಠಡಿಯಲ್ಲಿ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ ಉತ್ತರ ದಾಖಲಿಸಬೇಕು.

ಎದುರು ಪಕ್ಷ ಕಾಯಿಲೆಯ ಪುರಾವೆಯನ್ನೇ ಅಲ್ಲಗಳೆದರೆ 2017ರ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಕೋರ್ಟು ಅದನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಕಳಿಸಬೇಕು. ಮಂಡಳಿ ತಾನೇ ಅಥವಾ ತಜ್ಞರ ಸಮಿತಿಯ ಮೂಲಕ ಪರೀಕ್ಷಿಸಿ ಅಭಿಪ್ರಾಯ ಕೊಡುತ್ತದೆ. ಈ ಸೆಕ್ಷನ್ ಇದೆ ಎಂಬುದನ್ನೇ ಅರ್ಜಿಗಳಲ್ಲಿ ಉಲ್ಲೇಖಿಸದಿರುವುದು ಬೇಸರದ ಸಂಗತಿ. ಪರೀಕ್ಷೆಗೆ ಒಪ್ಪದವರನ್ನು ಏನು ಮಾಡುವುದು? ಸುಪ್ರೀಂ ಕೋರ್ಟಿನ 2003ರ ಶಾರದಾ ವಿರುದ್ಧ ಧರ್ಮಪಾಲ್ ತೀರ್ಪಿನಲ್ಲಿ, ಮೇಲ್ನೋಟಕ್ಕೆ ಬಲವಾದ ಆಧಾರವಿದ್ದರೆ ಸಿವಿಲ್ ಕೋರ್ಟು ವೈದ್ಯಕೀಯ ಪರೀಕ್ಷೆಗೆ ಆದೇಶಿಸಬಹುದು, ನಿರಾಕರಿಸಿದರೆ ವ್ಯತಿರಿಕ್ತ ತೀರ್ಮಾನಕ್ಕೆ ಬರಬಹುದು ಎಂದಿದೆ. ಅದು ಗಂಡ ಹೆಂಡಿರ ಪ್ರಕರಣ. ಕಾಯಿಲೆಯ ಕಾರಣಕ್ಕೇ ಹೆದರಿ ಆಸ್ಪತ್ರೆಗೆ ಬರಲೊಲ್ಲದ ಬಾಡಿಗೆದಾರರ ಮೇಲೆ ಆ ತರ್ಕವನ್ನು ಹಾಗೇ ಹೇರುವುದು ಸರಿಯಲ್ಲ; ಅವರ ಮನೆಗೇ ಹೋಗಿ ನೋಡುವುದು ಸರಿ.

ಗಾರ್ಡಿಯನ್ ಆಗುವವರು ಲಿಖಿತವಾಗಿ ಒಪ್ಪಬೇಕು, ಅವರ ಹಿತ ಬಾಡಿಗೆದಾರರ ಹಿತಕ್ಕೆ ಎದುರಾಗಿರಬಾರದು. ಅಡ್ವಾನ್ಸ್ ಹಣ ತನ್ನ ಖಾತೆಗೆ ಬರಲಿ ಎಂದು ಕಾದಿರುವ ಅಣ್ಣ ಅದಕ್ಕೆ ಅನರ್ಹ. ಯಾರೂ ಇಲ್ಲದಿದ್ದರೆ ಕೋರ್ಟು ತನ್ನ ಅಧಿಕಾರಿಯನ್ನೇ ನೇಮಿಸಬಹುದು. ಕೋರ್ಟಿನ ಅನುಮತಿ ಪಡೆಯದೆ ಗಾರ್ಡಿಯನ್ ರಾಜಿ ಮಾಡಿಕೊಳ್ಳುವಂತಿಲ್ಲ. ಗಾರ್ಡಿಯನ್ ಬಂದರೆ ದಾವೆ ನಿಲ್ಲುವುದಿಲ್ಲ, ಬಾಡಿಗೆಯ ಬಾಕಿ ಮನ್ನಾ ಆಗುವುದಿಲ್ಲ; ಮನೆ ಓನರುಗಳು ಇದಕ್ಕೆ ಹೆದರಬೇಕಾಗಿಲ್ಲ.

ಜಿಲ್ಲೆಯ ನ್ಯಾಯಾಲಯಗಳು, ವಕೀಲರ ಸಂಘಗಳು, ಮಡಿಕೇರಿಯ ವೈದ್ಯಕೀಯ ಕಾಲೇಜು ಒಟ್ಟಿಗೆ ಕೂತು ಮೂರು ಕೆಲಸ ಮಾಡಲಿ ಎಂಬುದು ನಮ್ಮ ಕೋರಿಕೆ: ಕೋರ್ಟಿನಿಂದ ವೈದ್ಯರಿಗೆ ಹೋಗುವ ಪ್ರಶ್ನೆಗಳ ಒಂದು ಅಚ್ಚು ಹಾಳೆ, ಕೋರ್ಟು ಕಳಿಸಿದವರಿಗೇ ಮೀಸಲಾದ ತಿಂಗಳಿಗೆ ಎರಡು ಮಧ್ಯಾಹ್ನ, ನಮ್ಮ ಭಾಷೆಗಳ ದುಭಾಷಿಗಳ ಒಂದು ಪಟ್ಟಿ. ಭಾಗಮಂಡಲದ ಕಡೆಯವರನ್ನು ಆಟಿ ತಿಂಗಳ ಮಳೆಯಲ್ಲಿ ದೂರದ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಬರೆದು ಕಳಿಸಿದರೆ ಅವರು ಹೋಗುವುದಿಲ್ಲ, ವಾಯಿದೆ ಮಾತ್ರ ಹೋಗುತ್ತದೆ. ಸಮನ್ಸ್ ಜಾರಿ ಮಾಡಲು ಹೋದ ಅಮೀನರು ತಾವು ಕಂಡ ಸ್ಥಿತಿಯನ್ನು ಎರಡು ಸಾಲು ಶರಾ ಬರೆದರೂ ಸಾಕು, ನ್ಯಾಯಾಧೀಶರು ಎಕ್ಸ್‌ಪಾರ್ಟಿ ಮಾಡುವ ಮೊದಲು ಒಮ್ಮೆ ತಡೆದು ನೋಡುತ್ತಾರೆ.

ಇಂಥ ಕಾಗದ ಕೈಗೆ ಬಂದಿರುವ ಕುಟುಂಬಗಳು ಮತ್ತು ನೆರೆಯವರು ಗಮನಿಸಿ: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವೈಕಲ್ಯ ಇರುವವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ, ಸಹಾಯವಾಣಿ 15100. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವಾಗ ಸಮನ್ಸ್ ಕೈಯಲ್ಲಿರಲಿ. ಅದರಲ್ಲಿ ಮೊದಲು ನೋಡಬೇಕಾದದ್ದು ದಾವೆಯ ನಂಬರು ಮತ್ತು ಹಾಜರಾಗಬೇಕಾದ ತಾರೀಖು.

ಇಂತಿ,
ಮನೋವೈದ್ಯಕೀಯ ಮತ್ತು ಸಿವಿಲ್ ವಕಾಲತ್ತಿನ ವೃತ್ತಿಯಲ್ಲಿರುವ ಇಬ್ಬರು ಓದುಗರು,
ಮಡಿಕೇರಿ